ಪಾಟೀಸವಾಲಿನ ಪಾಠ: ಒಂದು ಜಪಾನಿ ಆಟ, ಅದರ ಅಭಿಮಾನಿಗಳು ಮತ್ತು ನ್ಯಾಯದ ಚರಿತ್ರೆ

2001ರ ಅಕ್ಟೋಬರ್ 12ರಂದು ಜಪಾನಿನ ಕ್ಯಾಪ್ಕಾಮ್ ಕಂಪನಿ ಒಂದು ಸಣ್ಣ ವಿಡಿಯೊ ಗೇಮನ್ನು ಮಾರುಕಟ್ಟೆಗೆ ತಂದಿತು. ಅಂಗೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಅಡ್ವಾನ್ಸ್ ಯಂತ್ರಕ್ಕಾಗಿ ಮಾಡಿದ ಆಟ ಅದು. ಹೆಸರು 'ಗ್ಯಾಕುತೆನ್ ಸೈಬಾನ್'. ಸೈಬಾನ್ ಎಂದರೆ ನ್ಯಾಯಾಲಯದ ವಿಚಾರಣೆ. ಗ್ಯಾಕುತೆನ್ ಎಂದರೆ ಆಟ ತಿರುಗಿಬೀಳುವುದು, ಸೋಲಿನ ಅಂಚಿನಲ್ಲಿದ್ದವನು ಗೆದ್ದುಬಿಡುವುದು. ನಾಲ್ಕು ವರ್ಷಗಳ ನಂತರ ಇದು ಇಂಗ್ಲಿಷಿಗೆ ಬಂದಾಗ 'ಏಸ್ ಅಟಾರ್ನಿ' ಎಂಬ ಹೆಸರು ಪಡೆಯಿತು. ಇವತ್ತು ಜಗತ್ತಿನ ಬಹುಪಾಲು ಅಭಿಮಾನಿಗಳು ಈ ಸರಣಿಯನ್ನು ಆ ಹೆಸರಿನಿಂದಲೇ ಗುರುತಿಸುತ್ತಾರೆ.

ಇದನ್ನು ರೂಪಿಸಿದವರು ಶು ತಕುಮಿ. ಅವರ ಹಿರಿಯ ಸಹೋದ್ಯೋಗಿ ಶಿಂಜಿ ಮಿಕಾಮಿ, ನಿನಗೆ ಇಷ್ಟವಾದ ಆಟವೊಂದನ್ನು ಮಾಡು ಎಂದು ಆರು ತಿಂಗಳ ಅವಕಾಶ ಕೊಟ್ಟಿದ್ದರು. ತಂಡದಲ್ಲಿ ಏಳು ಜನ. ಹಣ ಕಡಿಮೆ. ನಾಯಕ "ತಕರಾರಿದೆ!" ಎಂದು ಕೂಗುವ ದನಿಯನ್ನು ತಕುಮಿಯವರೇ ಕೊಟ್ಟರು. ಎದುರಾಳಿ ಪ್ರಾಸಿಕ್ಯೂಟರ್‌ನ ದನಿ ಚಿತ್ರಕಾರ ತತ್ಸುರೊ ಇವಾಮೊತೊ ಅವರದು. ತಕುಮಿ ಪತ್ತೇದಾರಿ ಕಥೆಗಳ ಓದುಗ. ಎದೊಗಾವಾ ರಾಂಪೊ 1925ರಲ್ಲಿ ಬರೆದ 'ಮನೋವೈಜ್ಞಾನಿಕ ಪರೀಕ್ಷೆ' ಎಂಬ ಕಥೆಯಲ್ಲಿ ಕೊಲೆಗಾರ ತನ್ನ ಮಾತಿನಲ್ಲೇ ಇದ್ದ ಒಂದು ವಿರೋಧಾಭಾಸದಿಂದ ಸಿಕ್ಕಿಬೀಳುತ್ತಾನೆ. ತಮ್ಮ ಆಟದ ಬೀಜಗಳಲ್ಲಿ ಅದೂ ಒಂದು ಎಂದು ತಕುಮಿ ಹೇಳಿಕೊಂಡಿದ್ದಾರೆ. ಮೊದಲು ನಾಯಕ ಖಾಸಗಿ ಪತ್ತೇದಾರನಾಗಿದ್ದ. ಸುಳ್ಳನ್ನು ಹಿಡಿಯುವುದೇ ಆಟದ ತಿರುಳಾಗಬೇಕಾದರೆ ಅದಕ್ಕೆ ಸರಿಯಾದ ಜಾಗ ನ್ಯಾಯಾಲಯ ಎಂದು ಹೊಳೆದ ಮೇಲೆ ಅವನು ವಕೀಲನಾದ.

ಆಟ ಸರಳ. ಆಟಗಾರ ಆರೋಪಿಯ ಪರ ವಕೀಲ. ಸಾಕ್ಷಿ ಕಟಕಟೆಗೆ ಬಂದು ನಾಲ್ಕೈದು ವಾಕ್ಯಗಳ ಹೇಳಿಕೆ ಕೊಡುತ್ತಾನೆ. ಆಟಗಾರ ಒಂದೊಂದು ವಾಕ್ಯದ ಮೇಲೂ ಪಾಟೀಸವಾಲು ಹಾಕಬಹುದು. ಯಾವುದೋ ಒಂದು ವಾಕ್ಯ ಪುರಾವೆಗೆ ಹೊಂದುವುದಿಲ್ಲ. ಅಲ್ಲಿ ಸರಿಯಾದ ಪುರಾವೆಯನ್ನು ಮುಂದಿಟ್ಟು ತಕರಾರು ಎತ್ತಬೇಕು. ತಪ್ಪಿದರೆ ನ್ಯಾಯಾಧೀಶರ ತಾಳ್ಮೆ ಒಂದು ಅಂಶ ಕುಗ್ಗುತ್ತದೆ. ಐದು ಸಲ ತಪ್ಪಿದರೆ ಕಕ್ಷಿದಾರನಿಗೆ ಶಿಕ್ಷೆ. ನಾಯಕನ ಹೆಸರು ಜಪಾನಿಯಲ್ಲಿ ನಾರುಹೊದೊ ರ್ಯೂಇಚಿ. 'ನಾರುಹೊದೊ' ಎಂದರೆ 'ಓಹೋ, ಹಾಗೋ!' ಎಂಬ ಉದ್ಗಾರ. ಇಂಗ್ಲಿಷಿನಲ್ಲಿ ಅವನು ಫೀನಿಕ್ಸ್ ರೈಟ್. ಗಿಳಿಯನ್ನೂ ಕಟಕಟೆಗೆ ಕರೆದು ಪಾಟೀಸವಾಲು ಹಾಕುವಷ್ಟು ತಮಾಷೆಯ ಜಗತ್ತಿದು. ಹಾಗಿದ್ದೂ ಇದರ ಅಭಿಮಾನಿಗಳು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದರ ಬಗ್ಗೆ ಗಂಭೀರವಾಗಿ ಜಗಳವಾಡುತ್ತಿದ್ದಾರೆ.

ಆ ಜಗಳಗಳನ್ನು ಚರಿತ್ರೆಯ ಆಕರವಾಗಿ ಓದಬಹುದು ಎಂಬುದು ನನ್ನ ವಾದ. ಸಾಮಾನ್ಯವಾಗಿ ಅಭಿಮಾನಿಗಳ ದೂರುಗಳನ್ನು ಗ್ರಾಹಕರ ಗೊಣಗಾಟ ಎಂದು ಬದಿಗಿಡುತ್ತೇವೆ. ಆದರೆ ಹೇಳಿಕೆಯಲ್ಲಿ ವಿರೋಧಾಭಾಸ ಹುಡುಕುವುದನ್ನು ಈ ಸರಣಿಯೇ ತನ್ನ ಓದುಗರಿಗೆ ಕಲಿಸಿತು. ಕಲಿತವರು ಆ ವಿದ್ಯೆಯನ್ನು ಸರಣಿಯ ಮೇಲೆಯೇ ಪ್ರಯೋಗಿಸಿದರು. ಹಿಂದೆ ಹೇಳಿದ್ದನ್ನು ಈಗ ಯಾಕೆ ಮರೆತಿರಿ, ಎತ್ತಿಕೊಂಡ ಪ್ರಶ್ನೆಗೆ ತೀರ್ಪು ಕೊಡದೆ ಯಾಕೆ ಎದ್ದುಹೋದಿರಿ, ನಮಗೆ ತಿಳಿಯುವ ಭಾಷೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಅವರು ಕೇಳಿದರು. ಇವೆಲ್ಲ ಒಬ್ಬ ನಾಗರಿಕ ನ್ಯಾಯಾಲಯಕ್ಕೂ ಕೇಳಬಹುದಾದ ಪ್ರಶ್ನೆಗಳೇ. ಇದೇ ಅವಧಿಯಲ್ಲಿ ಜಪಾನಿನ ನಿಜವಾದ ನ್ಯಾಯಾಲಯಗಳೂ ಇಂಥ ಪ್ರಶ್ನೆಗಳನ್ನು ಎದುರಿಸುತ್ತಿದ್ದವು. ಆದ್ದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಉಪಯುಕ್ತ.

ಮೊದಲ ಆಟದ ನ್ಯಾಯಾಲಯ ಒಂದು ವ್ಯಂಗ್ಯಚಿತ್ರ. ವಿಚಾರಣೆ ಮೂರು ದಿನದಲ್ಲಿ ಮುಗಿಯಬೇಕು. ಆರೋಪಿ ನಿರಪರಾಧಿ ಎಂದರೆ ಸಾಲದು, ನಿಜವಾದ ಅಪರಾಧಿ ಯಾರೆಂದು ಅವನ ವಕೀಲನೇ ತೋರಿಸಬೇಕು. ನ್ಯಾಯಾಧೀಶರು ಒಳ್ಳೆಯವರು, ಆದರೆ ಪ್ರಾಸಿಕ್ಯೂಟರ್ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ಹೊರದೇಶದ ಆಟಗಾರರು ಇದನ್ನು ಬರೀ ಕಲ್ಪನೆ ಎಂದುಕೊಂಡರು. ಜಪಾನಿನ ಆಟಗಾರರಿಗೆ ಇದರಲ್ಲಿ ತಮ್ಮ ಪರಿಚಯದ ಮುಖ ಕಂಡಿದ್ದರೆ ಆಶ್ಚರ್ಯವಿಲ್ಲ. ಅಲ್ಲಿ ದೋಷಾರೋಪಣೆಗೆ ಒಳಗಾದವರಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಗುತ್ತದೆ. ಆರೋಪ ಹೊರಿಸುವ ಮೊದಲೇ ಶಂಕಿತನನ್ನು 23 ದಿನಗಳವರೆಗೆ ವಶದಲ್ಲಿಡಬಹುದು. ತಪ್ಪೊಪ್ಪಿಗೆಯೇ ಪುರಾವೆಗಳ ರಾಜ. ಖಚಿತವಾಗಿ ಗೆಲ್ಲುವ ಪ್ರಕರಣಗಳನ್ನಷ್ಟೇ ಪ್ರಾಸಿಕ್ಯೂಟರ್‌ಗಳು ಕೋರ್ಟಿಗೆ ತರುತ್ತಾರೆ, ಆದ್ದರಿಂದಲೇ ಈ ಅಂಕಿ ಎಂದು ಸಮರ್ಥಿಸುವ ವಿದ್ವಾಂಸರಿದ್ದಾರೆ. ಆದರೆ ದಂಡಸಂಹಿತೆಯ ದೊಡ್ಡ ವಿದ್ವಾಂಸರಾಗಿದ್ದ ಹಿರಾನೊ ರ್ಯೂಇಚಿ 1985ರಲ್ಲೇ ತಮ್ಮ ದೇಶದ ಕ್ರಿಮಿನಲ್ ವಿಚಾರಣೆಗಳು ಬಹುಮಟ್ಟಿಗೆ ಭರವಸೆ ಕಳೆದುಕೊಂಡ ಸ್ಥಿತಿಯಲ್ಲಿವೆ ಎಂಬರ್ಥದ ಮಾತು ಬರೆದಿದ್ದರು. ಆಟದ ನಾಯಕನಿಗೂ ಅವರದೇ ಹೆಸರು ಇರುವುದನ್ನು ಕಾಕತಾಳೀಯ ಎಂದೇ ಇಟ್ಟುಕೊಳ್ಳೋಣ.

ಮೊದಲ ಆಟದ ನಾಲ್ಕನೇ ಪ್ರಕರಣ ಇಡೀ ಸರಣಿಯ ಹೃದಯ. ಹದಿನೈದು ವರ್ಷಗಳ ಹಿಂದೆ ನ್ಯಾಯಾಲಯದ ಲಿಫ್ಟಿನೊಳಗೆ ಒಬ್ಬ ವಕೀಲನ ಕೊಲೆಯಾಗಿದೆ. ಅವನ ಮಗ ಮೈಲ್ಸ್ ಎಡ್ಜ್‌ವರ್ತ್ ಬೆಳೆದು ನಿರ್ದಯಿ ಪ್ರಾಸಿಕ್ಯೂಟರ್ ಆಗಿದ್ದಾನೆ. ಪ್ರಕರಣದ ಕಾಲಮಿತಿ ಇನ್ನೇನು ಮುಗಿಯಲಿದೆ, ಮುಗಿದರೆ ಕೊಲೆಗಾರನನ್ನು ಯಾರೂ ಮುಟ್ಟುವಂತಿಲ್ಲ. ಇಲ್ಲಿನ ಹದಿನೈದು ವರ್ಷ ಲೇಖಕರ ಕಲ್ಪನೆಯಲ್ಲ. 2001ರಲ್ಲಿ ಜಪಾನಿನ ಕಾನೂನಿನಲ್ಲಿ ಕೊಲೆ ಪ್ರಕರಣಕ್ಕೆ ಇದ್ದ ಕಾಲಮಿತಿ ಅಷ್ಟೇ. ಮುಂದೆ ಅದು 2005ರಿಂದ 25 ವರ್ಷವಾಯಿತು. ಹತ್ಯೆಗೊಳಗಾದವರ ಕುಟುಂಬಗಳು ನಡೆಸಿದ ದೀರ್ಘ ಹೋರಾಟದ ಬಳಿಕ 2010ರ ಏಪ್ರಿಲ್‌ನಲ್ಲಿ ಕೊಲೆಯಂಥ ಅಪರಾಧಗಳಿಗೆ ಕಾಲಮಿತಿಯನ್ನೇ ತೆಗೆದುಹಾಕಲಾಯಿತು. ಇವತ್ತು ಹೊಸದಾಗಿ ಆಡುವ ಜಪಾನಿ ಹುಡುಗಿಗೆ ಆ ಗಡಿಯಾರದ ಟಿಕ್‌ಟಿಕ್ ಹಳೆಯ ಕಾಲದ ಸದ್ದು. ಆಟ ತಾನು ಹುಟ್ಟಿದ ಕಾಲದ ಕಾನೂನನ್ನು ತನ್ನೊಳಗೆ ಹಾಗೇ ಉಳಿಸಿಕೊಂಡಿದೆ.

ಇದೇ ಹದಿನೈದು ವರ್ಷ ಇಂಗ್ಲಿಷ್ ಓದುಗರ ಮೊದಲ ದೊಡ್ಡ ಪಾಟೀಸವಾಲಿಗೂ ಕಾರಣವಾಯಿತು. ಅಲೆಕ್ಸಾಂಡರ್ ಸ್ಮಿತ್ ಮಾಡಿದ ಇಂಗ್ಲಿಷ್ ಅನುವಾದದಲ್ಲಿ ಕಥೆ ಲಾಸ್ ಏಂಜಲೀಸಿಗೆ ಸ್ಥಳಾಂತರಗೊಂಡಿತು. ಮಾಯಾ ಎಂಬ ಹುಡುಗಿಯ ಇಷ್ಟದ ರಾಮೆನ್ ಬರ್ಗರ್ ಆಯಿತು. ಹೆಸರುಗಳಲ್ಲಿದ್ದ ಜಪಾನಿ ಶ್ಲೇಷೆಗಳ ಜಾಗಕ್ಕೆ ಇಂಗ್ಲಿಷ್ ಶ್ಲೇಷೆಗಳು ಬಂದವು, ಎಷ್ಟೋ ಕಡೆ ಮೂಲದಷ್ಟೇ ಚೆನ್ನಾಗಿ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಕೊಲೆಗೆ ಕಾಲಮಿತಿಯೇ ಇಲ್ಲವಲ್ಲ? ಲಾಸ್ ಏಂಜಲೀಸಿನ ಪಕ್ಕದ ಬೆಟ್ಟದಲ್ಲಿ ಆತ್ಮಗಳನ್ನು ಆವಾಹಿಸುವ ಜಪಾನಿ ಶೈಲಿಯ ಹಳ್ಳಿ ಎಲ್ಲಿಂದ ಬಂತು? ಅಭಿಮಾನಿಗಳು ಈ ಇಲ್ಲದ ಊರಿಗೆ 'ಜಪಾನಿಫೋರ್ನಿಯಾ' ಎಂದು ಹೆಸರಿಟ್ಟು ನಕ್ಕರು. ಮುಂದೆ ಸರಣಿಯ ಅನುವಾದದ ಹೊಣೆ ಹೊತ್ತ ಜಾನೆಟ್ ಶು ಇದಕ್ಕೆ ಉತ್ತರವನ್ನೂ ಕೊಟ್ಟರು. ಅಮೆರಿಕದಲ್ಲಿ ಜಪಾನಿ ವಲಸಿಗರ ಮೇಲೆ ದ್ವೇಷ ಬೆಳೆಯದೆ, ಅವರ ಸಂಸ್ಕೃತಿ ಅಲ್ಲಿ ಅರಳಲು ಬಿಟ್ಟಿದ್ದರೆ ಹೇಗಿರುತ್ತಿತ್ತೋ ಅಂಥ ಒಂದು ಲಾಸ್ ಏಂಜಲೀಸ್ ಇದು ಎಂದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿದ ದೇಶದ ಬಗ್ಗೆ ಹೇಳಿದ ಮಾತಿದು. ಅಭಿಮಾನಿಗಳ ಒಂದು ತಮಾಷೆಯ ತಕರಾರಿಗೆ ಉತ್ತರ ಹುಡುಕುತ್ತ ಹೋದಾಗ ಚರಿತ್ರೆಯ ದೊಡ್ಡ ಗಾಯವೊಂದರ ಹತ್ತಿರ ಬಂದು ನಿಲ್ಲಬೇಕಾಯಿತು.

ಮೂರನೇ ಆಟ 2004ರಲ್ಲಿ ಬಂದಾಗ ತಕುಮಿ ಫೀನಿಕ್ಸ್‌ನ ಕಥೆ ಮುಗಿಯಿತು ಎಂದೇ ಭಾವಿಸಿದ್ದರು. ಅಭಿಮಾನಿಗಳಲ್ಲೂ ಅನೇಕರು ಆ ಮೂರನ್ನು ಒಂದು ಪೂರ್ಣ ಕೃತಿ ಎಂದು ಪರಿಗಣಿಸುತ್ತಾರೆ. ಆದರೆ 2007ರಲ್ಲಿ ನಾಲ್ಕನೆಯದು ಬಂತು. ಹೊಸ ನಾಯಕ ಅಪೋಲೋ ಜಸ್ಟಿಸ್. ಫೀನಿಕ್ಸ್ ಈಗ ವಕೀಲನಲ್ಲ. ಏಳು ವರ್ಷಗಳ ಹಿಂದೆ, ತನಗೆ ಗೊತ್ತಿಲ್ಲದೆ, ನಕಲಿ ಪುರಾವೆಯೊಂದನ್ನು ನ್ಯಾಯಾಲಯಕ್ಕೆ ಸಲ್ಲಿಸಿದ್ದಕ್ಕೆ ಅವನ ಸನ್ನದು ರದ್ದಾಗಿದೆ. ಗಡ್ಡ ಬಿಟ್ಟು, ಟೋಪಿ ಹಾಕಿಕೊಂಡು, ಇಸ್ಪೀಟಿನ ಅಡ್ಡೆಯಲ್ಲಿ ಬದುಕುತ್ತಿದ್ದಾನೆ. ಇಷ್ಟೇ ಆಗಿದ್ದರೆ ಅಭಿಮಾನಿಗಳು ಮರುಗಿ ಸುಮ್ಮನಾಗುತ್ತಿದ್ದರು. ಮೊದಲ ಪ್ರಕರಣದಲ್ಲೇ ಅವನು ಇನ್ನೂ ಎಳೆಯನಾದ ಅಪೋಲೋನ ಕೈಗೆ ಒಂದು ನಕಲಿ ಪುರಾವೆ ಕೊಟ್ಟು ನಿಜವಾದ ಕೊಲೆಗಾರನನ್ನು ಹಿಡಿಸುತ್ತಾನೆ.

ಅಭಿಮಾನಿಗಳು ಎರಡು ಪಾಳಯವಾದರು. ಫೀನಿಕ್ಸ್ ವಕೀಲನಾದ ಕಾರಣವೇ ಬಾಲ್ಯದ ಒಂದು ಪ್ರಸಂಗ. ನಾಲ್ಕನೇ ತರಗತಿಯಲ್ಲಿ ಸಹಪಾಠಿಯ ಹಣ ಕದ್ದನೆಂದು ಇಡೀ ತರಗತಿ ಅವನ ಮೇಲೆ ಬಿದ್ದಾಗ, ಪುರಾವೆ ಎಲ್ಲಿದೆ ಎಂದು ಎದ್ದುನಿಂತು ಕೇಳಿದವನು ಹಣ ಕಳೆದುಕೊಂಡ ಆ ಹುಡುಗ ಎಡ್ಜ್‌ವರ್ತ್. ಪುರಾವೆಯಿಲ್ಲದೆ ಯಾರನ್ನೂ ಅಪರಾಧಿ ಎನ್ನಬಾರದೆಂದು ಹಾಗೆ ಕಲಿತವನು ಸುಳ್ಳು ಪುರಾವೆ ತಯಾರಿಸುವುದು ಪಾತ್ರದ ಕೊಲೆ ಎಂದು ಒಂದು ಪಾಳಯ. ವ್ಯವಸ್ಥೆ ಕೈಬಿಟ್ಟ ಮನುಷ್ಯ ಏನಾಗುತ್ತಾನೆಂದು ತೋರಿಸುವ ಧೈರ್ಯ ಇದು ಎಂದು ಇನ್ನೊಂದು. ಎರಡೂ ಕಡೆಯವರು ತಮ್ಮ ವಾದಕ್ಕೆ ಹಿಂದಿನ ಆಟಗಳ ಮಾತುಗಳನ್ನೇ ಪುರಾವೆಯಾಗಿ ಎತ್ತಿ ತೋರಿಸುತ್ತಿದ್ದರು.

ನಾಲ್ಕನೇ ಆಟದ ಕೊನೆಯಲ್ಲಿ ಇನ್ನೊಂದು ಸಂಗತಿ ಇತ್ತು. ಫೀನಿಕ್ಸ್ ಪ್ರಾಯೋಗಿಕವಾಗಿ ಒಂದು ಜ್ಯೂರಿ ವಿಚಾರಣೆ ಏರ್ಪಡಿಸುತ್ತಾನೆ. ಪುರಾವೆಗಳೆಲ್ಲ ನಾಶವಾಗಿ ಕಾನೂನು ಕೈಚೆಲ್ಲಿದ ಜಾಗದಲ್ಲಿ ಆರು ಮಂದಿ ಸಾಮಾನ್ಯರು ತೀರ್ಪು ಕೊಡುತ್ತಾರೆ. ಇದೂ ನಿಜದ ನೆರಳೇ. ಗಂಭೀರ ಅಪರಾಧಗಳ ವಿಚಾರಣೆಯಲ್ಲಿ ಸಾಮಾನ್ಯ ನಾಗರಿಕರೂ ಕೂರಬೇಕೆಂಬ ಕಾನೂನನ್ನು ಜಪಾನಿನ ಸಂಸತ್ತು 2004ರಲ್ಲಿ ಮಾಡಿತ್ತು. ಅದು ಜಾರಿಗೆ ಬಂದದ್ದು 2009ರ ಮೇ 21ರಂದು. ಮೂವರು ನ್ಯಾಯಾಧೀಶರ ಜೊತೆ ಆರು ಮಂದಿ ನಾಗರಿಕರು ಕೂತು ವಿಚಾರಣೆ ನಡೆಸುತ್ತಾರೆ. ಜಪಾನಿಗೆ ಇದು ಪೂರ್ತಿ ಹೊಸದೂ ಅಲ್ಲ. 1928ರಿಂದ 1943ರವರೆಗೆ ಅಲ್ಲಿ ಜ್ಯೂರಿ ಪದ್ಧತಿಯಿತ್ತು. ನಿರ್ದಿಷ್ಟ ತೆರಿಗೆ ಕಟ್ಟುವ, ಮೂವತ್ತು ದಾಟಿದ ಗಂಡಸರು ಮಾತ್ರ ಅದರಲ್ಲಿ ಕೂರಬಹುದಿತ್ತು. ನಡೆದ 484 ವಿಚಾರಣೆಗಳಲ್ಲಿ ಸರಿಸುಮಾರು ಆರರಲ್ಲಿ ಒಂದು ಖುಲಾಸೆಯಲ್ಲಿ ಮುಗಿದಿತ್ತು. ಯುದ್ಧದ ನಡುವೆ ಆ ಕಾನೂನನ್ನು ಅಮಾನತಿನಲ್ಲಿಟ್ಟರು. ಅರವತ್ತಾರು ವರ್ಷಗಳ ನಂತರ ಸಾಮಾನ್ಯರು ಮತ್ತೆ ನ್ಯಾಯಪೀಠಕ್ಕೆ ಬರುವ ಹೊತ್ತಿನಲ್ಲಿ ಈ ಆಟ, ಕಟ್ಟಕಡೆಯ ಗಳಿಗೆಯಲ್ಲಿ, ಆಟಗಾರನನ್ನೇ ಜ್ಯೂರಿ ಸದಸ್ಯನ ಕುರ್ಚಿಯಲ್ಲಿ ಕೂರಿಸಿ ನಿನ್ನ ತೀರ್ಪೇನು ಎಂದು ಕೇಳಿತ್ತು.

ಹಾಗಾಗಿಯೇ 2013ರ ಐದನೇ ಆಟ ಅನೇಕರಿಗೆ ನಿರಾಸೆ ತಂದಿತು. ತಕುಮಿ ಆಗ ಬೇರೆ ಕೆಲಸದಲ್ಲಿದ್ದರು, ತಂಡ ಬದಲಾಗಿತ್ತು. ಫೀನಿಕ್ಸ್ ಸನ್ನದು ಮರಳಿ ಪಡೆದು ನೀಲಿ ಕೋಟು ತೊಟ್ಟು ಬಂದ. ಜನ ಸಂತೋಷಪಟ್ಟರು. ಆದರೆ ಜ್ಯೂರಿ ಎಲ್ಲಿ ಹೋಯಿತು? ಆಟದಲ್ಲಿ ಅದರ ಸುದ್ದಿಯೇ ಇಲ್ಲ. ಬದಲಿಗೆ 'ಕಾನೂನಿನ ಕತ್ತಲ ಯುಗ' ಬಂದಿದೆ ಎಂದು ಪಾತ್ರಗಳು ಮತ್ತೆ ಮತ್ತೆ ಹೇಳುತ್ತವೆ. ನಕಲಿ ಪುರಾವೆ, ಸುಳ್ಳು ಆರೋಪಗಳಿಂದ ಜನ ನ್ಯಾಯಾಲಯದ ಮೇಲಿನ ನಂಬಿಕೆ ಕಳೆದುಕೊಂಡಿದ್ದಾರಂತೆ. ಕತ್ತಲಿದೆ ಎಂದು ಹೇಳುವುದೇ ಬೇರೆ, ಕತ್ತಲು ಕಾಣುವಂತೆ ಮಾಡುವುದೇ ಬೇರೆ ಎಂದು ವಿಮರ್ಶಕರು ದೂರಿದರು. ಒಬ್ಬಿಬ್ಬರು ಖಳರು ಸಿಕ್ಕಿಬಿದ್ದ ಕೂಡಲೇ ಕತ್ತಲ ಯುಗ ಮುಗಿದುಹೋಗುತ್ತದೆ. ಹಾಗಾದರೆ ತಪ್ಪು ವ್ಯವಸ್ಥೆಯದೋ, ಆ ಒಬ್ಬಿಬ್ಬರದೋ? ಈ ಪ್ರಶ್ನೆಯನ್ನು ಸಾಹಿತ್ಯದ ತರಗತಿಯಲ್ಲಿ ಯಾವುದೇ ಸಾಮಾಜಿಕ ಕಾದಂಬರಿಗೂ ಕೇಳಬಹುದು.

2016ರ ಆರನೆಯದು ಕುರೈನ್ ಎಂಬ ಕಲ್ಪಿತ ಪರ್ವತ ರಾಜ್ಯಕ್ಕೆ ಹೋಯಿತು. ಅಲ್ಲಿ ಆರೋಪಿ ಅಪರಾಧಿ ಎಂದಾದರೆ ಅವನ ವಕೀಲನಿಗೂ ಅದೇ ಶಿಕ್ಷೆ. ಹೆದರಿದ ವಕೀಲರೆಲ್ಲ ಮಾಯವಾಗಿ, ನ್ಯಾಯಾಲಯದಲ್ಲಿ ವಾದಿಸುವವರೇ ಇಲ್ಲದಂತಾಗಿದೆ. ಸಮರ್ಥನೆಯ ಹಕ್ಕು ಸತ್ತ ದೇಶದ ಈ ಚಿತ್ರವನ್ನು ಅಭಿಮಾನಿಗಳು ಮೆಚ್ಚಿಕೊಂಡರು. ಆದರೆ ಅಪೋಲೋ ಆ ದೇಶದಲ್ಲಿ ಬೆಳೆದವನು, ಅಲ್ಲಿ ಅವನಿಗೆ ಸಾಕುತಂದೆಯಿದ್ದಾನೆ ಎಂದು ತಿಳಿದಾಗ ಅವರ ಹುಬ್ಬೇರಿತು. ಹಿಂದಿನ ಎರಡು ಆಟಗಳಲ್ಲಿ ಇದರ ಸುಳಿವೇ ಇರಲಿಲ್ಲ. ಇನ್ನೊಂದು ಕಡೆ, ಅಪೋಲೋ ಮತ್ತು ಟ್ರೂಸಿ ಒಂದೇ ತಾಯಿಯ ಮಕ್ಕಳು ಎಂಬ ಗುಟ್ಟು ನಾಲ್ಕನೇ ಆಟದ ಕೊನೆಯಲ್ಲೇ ಆಟಗಾರನಿಗೆ ಗೊತ್ತಾಗಿದೆ. ಆ ಇಬ್ಬರಿಗೆ ಮಾತ್ರ ಇನ್ನೂ ಯಾರೂ ಹೇಳಿಲ್ಲ. 2007ರಿಂದ ಬಾಕಿ ಉಳಿದಿರುವ ಪ್ರಕರಣ ಇದು. ಏಳನೆಯ ಆಟದ ಬಗ್ಗೆ ಅಭಿಮಾನಿಗಳ ಆಸೆಗಳ ಪಟ್ಟಿಯಲ್ಲಿ ಇದಕ್ಕೆ ಯಾವಾಗಲೂ ಮೇಲಿನ ಜಾಗವೇ.

ಆಟದ ನಡೆಯ ಬಗ್ಗೆಯೂ ಎರಡು ಹಳೆಯ ದೂರುಗಳಿವೆ. ಆಟಗಾರನಿಗೆ ಸತ್ಯ ಮೊದಲೇ ಹೊಳೆದಿದ್ದರೂ, ಲೇಖಕ ಬಯಸಿದ ವಾಕ್ಯದ ಮೇಲೆ, ಲೇಖಕ ಬಯಸಿದ ಪುರಾವೆಯನ್ನೇ ತೋರಿಸದಿದ್ದರೆ ದಂಡ. ಐದನೆಯದರಿಂದ ಇದಕ್ಕೆ ವಿರುದ್ಧವಾದ ದೂರು ಶುರುವಾಯಿತು: ಪಕ್ಕದ ಪಾತ್ರಗಳು ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತವೆ, ತಪ್ಪಲು ಬಿಡುವುದೇ ಇಲ್ಲ. ಎರಡರ ಹಿಂದೆಯೂ ಇರುವುದು ಒಂದೇ ಬೇಡಿಕೆ. ನನ್ನನ್ನು ಯೋಚಿಸುವವನೆಂದು ನಂಬು ಎಂಬುದು.

ಇನ್ನು ಭಾಷೆಯ ಪ್ರಶ್ನೆ. ಎಡ್ಜ್‌ವರ್ತ್‌ನನ್ನು ನಾಯಕನಾಗಿಸಿದ ಉಪಸರಣಿಯ ಎರಡನೇ ಆಟ 2011ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಬಿಡುಗಡೆಯಾಯಿತು. ಅದನ್ನು ಆಡಿದವರು ಸರಣಿಯ ಅತ್ಯುತ್ತಮ ಆಟಗಳಲ್ಲೊಂದು ಎಂದರು. ಕ್ಯಾಪ್ಕಾಮ್ ಇಂಗ್ಲಿಷಿಗೆ ತರಲಿಲ್ಲ. ಮನವಿಗಳು ಹೋದವು, ಫಲವಿಲ್ಲ. ಕೊನೆಗೆ ಅಭಿಮಾನಿಗಳೇ ತಂಡ ಕಟ್ಟಿ, ಸಂಬಳವಿಲ್ಲದೆ, ಲಕ್ಷಗಟ್ಟಲೆ ಅಕ್ಷರಗಳ ಆ ಪಠ್ಯವನ್ನು ಅನುವಾದಿಸಿ 2014ರಲ್ಲಿ ಮುಗಿಸಿದರು. ಕ್ಯಾಪ್ಕಾಮಿನ ಅಧಿಕೃತ ಅನುವಾದ ಬಂದದ್ದು 2024ರ ಸೆಪ್ಟೆಂಬರಿನಲ್ಲಿ, ಹದಿಮೂರು ವರ್ಷಗಳ ಮೇಲೆ. ಆ ಹೊತ್ತಿಗೆ ಅಭಿಮಾನಿಗಳ ಅನುವಾದವೇ ಒಂದು ಪರಂಪರೆಯಾಗಿಬಿಟ್ಟಿತ್ತು. ತಂದೆಯ ನೆರಳಿನಲ್ಲಿ ಬಾಳಿದ ಒಬ್ಬ ಎಳೆಯ ಪ್ರಾಸಿಕ್ಯೂಟರ್‌ನನ್ನು ಹತ್ತು ವರ್ಷ ಸೆಬಾಸ್ಟಿಯನ್ ಎಂದು ಕರೆದವರಿಗೆ ಅಧಿಕೃತ ಅನುವಾದದ 'ಯೂಸ್ಟಸ್' ಬೇರೆ ಯಾರೋ ಎನ್ನಿಸಿದ. ಯಾವುದು ನಿಜವಾದ ಹೆಸರು ಎಂದು ಜಗಳವಾಯಿತು. ಅನುವಾದವನ್ನು ಗಂಭೀರವಾಗಿ ಓದುವವರಿಗೆ ಈ ಜಗಳ ಹೊಸದಲ್ಲ. ಮೊದಲು ಬಂದ ಅನುವಾದ ಓದುಗರ ಮನಸ್ಸಿನಲ್ಲಿ ಮೂಲದ ಜಾಗವನ್ನು ಆಕ್ರಮಿಸಿಬಿಡುತ್ತದೆ.

ಇಂಥದೇ ಕಾಯುವಿಕೆ 'ದಾಯ್ ಗ್ಯಾಕುತೆನ್ ಸೈಬಾನ್' ಎಂಬ ಚಾರಿತ್ರಿಕ ಉಪಸರಣಿಗೂ ಒದಗಿತು. ತಕುಮಿಯವರೇ ಮಾಡಿದ ಈ ಎರಡು ಆಟಗಳು 2015 ಮತ್ತು 2017ರಲ್ಲಿ ಬಂದವು, ಇಂಗ್ಲಿಷಿಗೆ 2021ರಲ್ಲಿ ಬಂದವು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇವು ಹೆಚ್ಚು ರುಚಿಸಬಹುದು. ಕಾಲ ಮೇಜಿ ಯುಗದ ಕೊನೆ, ಸ್ಥಳ ಜಪಾನ್ ಮತ್ತು ಲಂಡನ್. ನಾಯಕ ಫೀನಿಕ್ಸ್‌ನ ಪೂರ್ವಜ. 1900ರಿಂದ 1902ರವರೆಗೆ ನಿಜವಾಗಿಯೂ ಲಂಡನ್ನಿನಲ್ಲಿ ಓದುತ್ತ, ಒಂಟಿತನದಲ್ಲಿ ಬೇಯುತ್ತ ಇದ್ದ ಕಾದಂಬರಿಕಾರ ನತ್ಸುಮೆ ಸೊಸೆಕಿ ಇಲ್ಲಿ ಕೊಲೆಯತ್ನದ ಆರೋಪ ಹೊತ್ತು ಕಟಕಟೆಯಲ್ಲಿ ನಡುಗುತ್ತ ನಿಲ್ಲುತ್ತಾನೆ. ಷರ್ಲಾಕ್ ಹೋಮ್ಸ್ ಕೂಡ ಇದ್ದಾನೆ. ಇಂಗ್ಲಿಷ್ ಆವೃತ್ತಿಯಲ್ಲಿ ಅವನು 'ಹರ್ಲಾಕ್ ಶೋಮ್ಸ್'. ನೂರು ವರ್ಷಗಳ ಹಿಂದೆ ಫ್ರೆಂಚ್ ಲೇಖಕ ಮೋರಿಸ್ ಲೆಬ್ಲಾಂ, ಕಾನನ್ ಡಾಯ್ಲ್ ಆಕ್ಷೇಪಿಸಿದಾಗ, ತಮ್ಮ ಲುಪಿನ್ ಕಥೆಗಳಲ್ಲಿ ಮಾಡಿದ ಅದೇ ಅಕ್ಷರಪಲ್ಲಟ. ಮೊದಲು ನಕ್ಕ ಅಭಿಮಾನಿಗಳು, ಹಿನ್ನೆಲೆ ತಿಳಿದ ಮೇಲೆ ಅದನ್ನು ಒಪ್ಪಿಕೊಂಡರು.

ಈ ಉಪಸರಣಿಯ ಮೊದಲ ಪ್ರಕರಣದಲ್ಲಿ ಟೋಕಿಯೊದ ನ್ಯಾಯಾಲಯಕ್ಕೆ ಕೊಲೆಗಾರ ಯಾರೆಂದು ತಿಳಿಯುತ್ತದೆ, ಆದರೆ ಶಿಕ್ಷಿಸಲಾಗುವುದಿಲ್ಲ. ಆಕೆ ಬ್ರಿಟಿಷ್ ಪ್ರಜೆ. 1858ರಿಂದ ಜಪಾನ್ ಸಹಿ ಹಾಕಬೇಕಾಗಿ ಬಂದ ಅಸಮಾನ ಒಪ್ಪಂದಗಳ ಪ್ರಕಾರ ಪರದೇಶಿಯರನ್ನು ವಿಚಾರಿಸುವ ಹಕ್ಕು ಅವರವರ ದೇಶದ ಕಾನ್ಸುಲರ್ ಕೋರ್ಟುಗಳಿಗಿತ್ತು. ಬ್ರಿಟಿಷರು ಅದಕ್ಕೆಂದೇ ಶಾಂಘೈಯಲ್ಲಿ ನ್ಯಾಯಾಲಯ ಇಟ್ಟುಕೊಂಡಿದ್ದರು. ಈ ಪದ್ಧತಿ ಕೊನೆಯಾದದ್ದು 1894ರ ಒಪ್ಪಂದ 1899ರಲ್ಲಿ ಜಾರಿಗೆ ಬಂದ ಮೇಲೆ. ಜಪಾನ್ ಅಷ್ಟೊಂದು ಅವಸರದಲ್ಲಿ ಆಧುನಿಕ ಕಾನೂನು ಸಂಹಿತೆಗಳನ್ನು ರಚಿಸಿಕೊಂಡದ್ದಕ್ಕೆ, ನಮ್ಮ ನ್ಯಾಯಾಲಯವನ್ನು ನಂಬಿ ಎಂದು ಯೂರೋಪಿಗೆ ತೋರಿಸಬೇಕಾದ ಒತ್ತಡವೂ ಒಂದು ಕಾರಣ. ಎರಡು ಆಟಗಳಲ್ಲಿ ಮೊದಲನೆಯದು ತಾನು ಎತ್ತಿದ ಗುಟ್ಟುಗಳನ್ನು ಬಿಡಿಸದೆ ನಿಂತದ್ದಕ್ಕೆ ಜಪಾನಿ ಅಭಿಮಾನಿಗಳು ಸಿಟ್ಟಾದರು. ಎರಡನೆಯದು ಒಂದೊಂದೇ ಗಂಟನ್ನು ಬಿಚ್ಚಿತು. ಬಾಕಿ ಪ್ರಕರಣ ಇತ್ಯರ್ಥವಾದರೆ ಸಿಗುವ ಸಮಾಧಾನವನ್ನು ಅಭಿಮಾನಿಗಳು ಅಲ್ಲಿ ಅನುಭವಿಸಿದರು. ಅಪೋಲೋ ವಿಷಯದಲ್ಲಿ ಅವರು ಈಗಲೂ ಕೇಳುತ್ತಿರುವುದು ಅದನ್ನೇ.

ಈ ಸರಣಿಯ ಮೇಲೆ ಮೊದಲಿನಿಂದ ಇದ್ದ ಸುಲಭದ ಟೀಕೆ ಒಂದೇ: ಇದು ಅವಾಸ್ತವ. ಪ್ರಾಸಿಕ್ಯೂಟರ್‌ಗಳು ಪುರಾವೆ ತಿದ್ದುವುದು, ದಶಕಗಳ ಹಿಂದಿನ ಪ್ರಕರಣ ತಲೆಕೆಳಗಾಗುವುದು ಇವೆಲ್ಲ ಆಟದಲ್ಲಷ್ಟೇ ಎಂದು. ಆ ಟೀಕೆಗೆ ಉತ್ತರ ಬಂದದ್ದು ಆಟದ ಹೊರಗಿನಿಂದ. 2009ರಲ್ಲಿ ಜಪಾನಿನ ಕಾರ್ಮಿಕ ಮತ್ತು ಕಲ್ಯಾಣ ಸಚಿವಾಲಯದ ಹಿರಿಯ ಅಧಿಕಾರಿ ಅತ್ಸುಕೊ ಮುರಾಕಿ ಅವರನ್ನು ಸುಳ್ಳು ಪ್ರಮಾಣಪತ್ರ ಕೊಡಿಸಿದ ಆರೋಪದ ಮೇಲೆ ಬಂಧಿಸಿದರು. 164 ದಿನ ಒಳಗಿಟ್ಟರು. 2010ರ ಸೆಪ್ಟೆಂಬರಿನಲ್ಲಿ ಅವರು ಖುಲಾಸೆಯಾದರು. ಅದಾಗಿ ಕೆಲವೇ ದಿನಗಳಲ್ಲಿ ಒಸಾಕಾದ ಒಬ್ಬ ಪ್ರಾಸಿಕ್ಯೂಟರ್ ಬಂಧನಕ್ಕೊಳಗಾದರು. ಪುರಾವೆಯಾಗಿ ವಶಪಡಿಸಿಕೊಂಡಿದ್ದ ಫ್ಲಾಪಿ ಡಿಸ್ಕಿನಲ್ಲಿದ್ದ ದಿನಾಂಕವನ್ನು ಅವರು ತಿದ್ದಿದ್ದರು.

ಇದಕ್ಕಿಂತ ದೊಡ್ಡದು ಇವಾವೊ ಹಕಮಾದ ಅವರ ಪ್ರಕರಣ. ಹಿಂದೆ ಬಾಕ್ಸರ್ ಆಗಿದ್ದ ಹಕಮಾದ ಶಿಜುವೊಕಾ ಪ್ರಾಂತ್ಯದ ಮಿಸೊ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. 1966ರ ಜೂನ್ ಕೊನೆಯಲ್ಲಿ ಆ ಕಂಪನಿಯ ಅಧಿಕಾರಿಯೊಬ್ಬರ ಮನೆಯ ನಾಲ್ವರ ಕೊಲೆಯಾಯಿತು. ಆಗಸ್ಟಿನಲ್ಲಿ ಹಕಮಾದರನ್ನು ಬಂಧಿಸಿ, ದಿನಗಟ್ಟಲೆ ವಿಚಾರಿಸಿ, ತಪ್ಪೊಪ್ಪಿಗೆ ಪಡೆದರು. ವಿಚಾರಣೆಯಲ್ಲಿ ಅವರು ಅದನ್ನು ಅಲ್ಲಗಳೆದರು. ಕೊಲೆಯಾಗಿ ಒಂದು ವರ್ಷ ಎರಡು ತಿಂಗಳ ನಂತರ ಕಾರ್ಖಾನೆಯ ಮಿಸೊ ತೊಟ್ಟಿಯೊಳಗೆ ರಕ್ತದ ಕಲೆಯಿದ್ದ ಐದು ಬಟ್ಟೆಗಳು ಸಿಕ್ಕವು. 1968ರಲ್ಲಿ ಗಲ್ಲು ಶಿಕ್ಷೆಯಾಯಿತು. ಮೇಲ್ಮನವಿಯ ಹಂತದಲ್ಲಿ ಆ ಪ್ಯಾಂಟನ್ನು ಅವರಿಗೆ ತೊಡಿಸಿ ನೋಡಿದಾಗ ಅದು ತೊಡೆಯ ಮೇಲೆ ಏರಲಿಲ್ಲ.

ಈ ಸರಣಿಯ ಅಭಿಮಾನಿಗೆ ಈ ಗಳಿಗೆ ಚೆನ್ನಾಗಿ ಗೊತ್ತು. ಆಟದಲ್ಲಿ ಇಲ್ಲಿ ಸಂಗೀತ ನಿಲ್ಲುತ್ತದೆ, ಬೆರಳು ಚಾಚುತ್ತದೆ, ತಕರಾರಿದೆ ಎಂಬ ಕೂಗು ಏಳುತ್ತದೆ, ಗ್ಯಾಲರಿ ಗುಜುಗುಡುತ್ತದೆ. ಸಾಕ್ಷಿ ಬೆವರುತ್ತಾನೆ. ನಿಜದ ನ್ಯಾಯಾಲಯದಲ್ಲಿ ಬಟ್ಟೆ ಮಿಸೊದಲ್ಲಿ ನೆನೆದು ಒಣಗಿ ಕುಗ್ಗಿರಬಹುದು ಎಂದು ವಿವರಿಸಲಾಯಿತು. 1980ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಖಾಯಂ ಮಾಡಿತು. ವಿರೋಧಾಭಾಸ ಎಲ್ಲರ ಕಣ್ಣೆದುರೇ ಇತ್ತು, ದಾಖಲೆಯಲ್ಲೂ ಇತ್ತು. ಹಕಮಾದ ನಾಳೆ ಗಲ್ಲಿಗೇರಿಸುತ್ತಾರೋ ಎಂದು ಕಾಯುತ್ತ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡರು. ಅಕ್ಕ ಹಿದೆಕೊ ತಮ್ಮನಿಗಾಗಿ ಒಂದೇ ಸಮನೆ ಹೋರಾಡಿದರು. ದಶಕಗಳ ನಂತರ ಪ್ರಾಸಿಕ್ಯೂಟರ್‌ಗಳ ಬಳಿಯಿದ್ದ ಆ ಬಟ್ಟೆಗಳ ಬಣ್ಣದ ಫೋಟೊಗಳು ಹೊರಬಂದವು. ಕಲೆಗಳು ಇನ್ನೂ ಕೆಂಪಾಗಿದ್ದವು. ವರ್ಷಕ್ಕೂ ಹೆಚ್ಚು ಕಾಲ ಮಿಸೊದಲ್ಲಿ ನೆನೆದ ರಕ್ತ ಕಪ್ಪಾಗಬೇಕು, ಕೆಂಪಾಗಿ ಉಳಿಯುವುದಿಲ್ಲ ಎಂದು ಪ್ರಯೋಗಗಳು ತೋರಿಸಿದವು. 2014ರಲ್ಲಿ ಮರುವಿಚಾರಣೆಯ ಆದೇಶದೊಂದಿಗೆ ಅವರು ಹೊರಬಂದರು. 2024ರ ಸೆಪ್ಟೆಂಬರ್ 26ರಂದು ಶಿಜುವೊಕಾ ಜಿಲ್ಲಾ ನ್ಯಾಯಾಲಯ ಅವರನ್ನು ನಿರಪರಾಧಿ ಎಂದು ಘೋಷಿಸಿತು. ಆ ಬಟ್ಟೆಗಳು ತನಿಖೆ ನಡೆಸಿದವರೇ ಸೃಷ್ಟಿಸಿದ ಪುರಾವೆ ಎಂದೂ ಹೇಳಿತು. ಆಗ ಹಕಮಾದ ಅವರಿಗೆ 88 ವರ್ಷ.

ಎಡ್ಜ್‌ವರ್ತ್‌ನ ಆಟದ ಅಧಿಕೃತ ಅನುವಾದ ಬಂದದ್ದೂ ಅದೇ ತಿಂಗಳು. ಎರಡರ ನಡುವೆ ಸಂಬಂಧವಿಲ್ಲ. ಆದರೆ ಎರಡನ್ನೂ ಒಟ್ಟಿಗೆ ಓದಿದಾಗ ಆಟದಲ್ಲಿ ನಿಜವಾಗಿಯೂ ಅವಾಸ್ತವವಾದದ್ದು ಯಾವುದು ಎಂದು ಕಾಣುತ್ತದೆ. ಅದು ತಿದ್ದಿದ ಪುರಾವೆಯಲ್ಲ, ಹಠಮಾರಿ ಪ್ರಾಸಿಕ್ಯೂಟರ್ ಅಲ್ಲ. ಆಟದಲ್ಲಿ ಒಂದು ಗುಂಡಿ ಒತ್ತಿದರೆ ಕೋರ್ಟ್ ದಾಖಲೆ ತೆರೆದುಕೊಳ್ಳುತ್ತದೆ. ಈವರೆಗೆ ಸಿಕ್ಕ ಎಲ್ಲ ಪುರಾವೆಗಳೂ ಆರೋಪಿಯ ವಕೀಲನ ಕೈಯಲ್ಲಿ. ಹಕಮಾದ ಅವರ ವಕೀಲರಿಗೆ ಅಂಥ ಗುಂಡಿ ಇರಲಿಲ್ಲ. ಪ್ರಾಸಿಕ್ಯೂಟರ್‌ಗಳು ತಮ್ಮ ಬಳಿಯಿರುವ ಪುರಾವೆಗಳನ್ನು ಹಂತಹಂತವಾಗಿ ಆರೋಪಿ ಪರ ವಕೀಲರಿಗೆ ತೋರಿಸಬೇಕೆಂಬ ಏರ್ಪಾಡು ಜಪಾನಿನಲ್ಲಿ ಜಾರಿಗೆ ಬಂದದ್ದೇ 2005ರಲ್ಲಿ, ಅದೂ ಮೊದಲ ಸುತ್ತಿನ ವಿಚಾರಣೆಗೆ ಮಾತ್ರ. ಮರುವಿಚಾರಣೆಯ ನಿಯಮಗಳು ಯುದ್ಧಾನಂತರದ ಸಂಹಿತೆಯಲ್ಲಿ ಇದ್ದಂತೆಯೇ ಉಳಿದಿದ್ದವು. ಅವು ಬದಲಾಗಬೇಕೆಂಬ ಕೂಗು ಹಕಮಾದ ತೀರ್ಪಿನ ನಂತರ ಬಲವಾಗಿದೆ. ಆಟದ ಇನ್ನೊಂದು ಅವಾಸ್ತವ ಆ ಗಡ್ಡದ ನ್ಯಾಯಾಧೀಶರು. ಪ್ರಾಸಿಕ್ಯೂಟರ್ ಮಾತಿಗೆ ಸುಲಭವಾಗಿ ಮರುಳಾಗುವ ಅವರನ್ನು ನೋಡಿ ಅಭಿಮಾನಿಗಳು ನಗುತ್ತಾರೆ. ಆದರೆ ವಿರೋಧಾಭಾಸವನ್ನು ತೋರಿಸಿದ ಕ್ಷಣ ಅವರು ತಮ್ಮ ಮನಸ್ಸು ಬದಲಿಸುತ್ತಾರೆ.

2019ರಲ್ಲಿ, 2021ರಲ್ಲಿ, 2024ರಲ್ಲಿ ಬಂದದ್ದೆಲ್ಲ ಹಳೆಯ ಆಟಗಳ ಸಂಕಲನಗಳು. ಮುಖ್ಯ ಕಥೆಯ ಏಳನೆಯ ಭಾಗಕ್ಕೆ ಅಭಿಮಾನಿಗಳು ಕಾಯುತ್ತಿದ್ದಾರೆ. ಅವರು ಕೇಳುವುದನ್ನು ಒಟ್ಟುಗೂಡಿಸಿದರೆ ಹೀಗಿರುತ್ತದೆ: ಅಣ್ಣತಂಗಿಗೆ ಸತ್ಯ ತಿಳಿಯಲಿ. ಬಂದು ಮಾಯವಾದ ಜ್ಯೂರಿಗೆ ಏನಾಯಿತೆಂದು ಹೇಳಲಿ. ಹೊಸ ಗತಕಾಲವನ್ನು ಅಂಟಿಸದೆ, ಈಗಾಗಲೇ ಹೇಳಿದ್ದಕ್ಕೆ ಬದ್ಧವಾಗಿರಲಿ. ಎಲ್ಲ ಭಾಷೆಯವರಿಗೂ ಒಟ್ಟಿಗೆ ಸಿಗಲಿ. ವ್ಯವಸ್ಥೆಯ ತಪ್ಪನ್ನು ಒಬ್ಬ ಖಳನ ತಲೆಗೆ ಕಟ್ಟಿ ಕೈತೊಳೆದುಕೊಳ್ಳದಿರಲಿ. ಮನರಂಜನೆಗಾಗಿ ಮಾಡಿದ ಒಂದು ಆಟಕ್ಕೆ ಇದು ಭಾರವಾದ ಪಟ್ಟಿ. ಆದರೆ ಏಳು ಜನ ಸೇರಿ ಆರು ತಿಂಗಳಲ್ಲಿ ಮಾಡಲು ಹೊರಟ ಆ ಆಟವೇ ಇವರನ್ನು ಹೀಗೆ ಕೇಳುವವರನ್ನಾಗಿ ಮಾಡಿದ್ದು. ಒಂದೊಂದು ವಾಕ್ಯವನ್ನೂ ನಿಲ್ಲಿಸಿ, ಇದು ಪುರಾವೆಗೆ ಹೊಂದುತ್ತದೆಯೇ ಎಂದು ನೋಡುವ ಅಭ್ಯಾಸ ಒಮ್ಮೆ ಹತ್ತಿದರೆ ಅದು ಆಟದೊಳಗೆ ಮಾತ್ರ ಉಳಿಯುವುದಿಲ್ಲ. ಮಿಸೊ ತೊಟ್ಟಿಯ ಪ್ಯಾಂಟಿನ ಕಥೆಯನ್ನು ಕೇಳಿದ ಅಭಿಮಾನಿ ಮೊದಲು ಕೇಳುವ ಪ್ರಶ್ನೆ, ಅದು ಏರಲಿಲ್ಲವೆಂದು ಕಂಡ ಮೇಲೂ ಐವತ್ತು ವರ್ಷ ಯಾಕೆ ಬೇಕಾಯಿತು ಎಂಬುದು. ಜಪಾನಿನ ಶಾಸನಸಭೆಯೂ, ನ್ಯಾಯಾಲಯಗಳೂ ಈಗ ಉತ್ತರಿಸಬೇಕಾಗಿರುವುದು ಅದಕ್ಕೇ.